‘ಗಿಫ್ಟ್’ ನಾಮಪದ ಮಾತ್ರವಾ, ಕ್ರಿಯಾಪದವೂ ಹೌದಾ?

ತುಂಗಾತೀರ:
ಇಂಗ್ಲಿಷ್ ಬಗ್ಗೆ ಒಂದು ಪ್ರಶ್ನೆ. ಇಲ್ಲಿ ಮೇಷ್ಟ್ರುಗಳು, ಅನುವಾದ ಮಾಡುವವರು ಇದ್ದೀರಿ ಅಂತ ಕೇಳುತ್ತಿದ್ದೇನೆ.

ನಮ್ಮ ಆಫೀಸಿನಲ್ಲಿ ಒಬ್ಬರು ರಿಟೈರ್ ಆದರು. ಎಲ್ಲರೂ ಸೇರಿ ಅವರಿಗೆ ಒಂದು ವಾಚ್ ಕೊಟ್ಟೆವು. ಆಫೀಸಿನ ಸುದ್ದಿಪತ್ರಕ್ಕೆ ಅದನ್ನು ಇಂಗ್ಲಿಷಿನಲ್ಲಿ ಬರೆಯುವ ಕೆಲಸ ನನ್ನದು. ‘ವಿ ಗಿಫ್ಟೆಡ್ ಹಿಮ್ ಎ ವಾಚ್’ ಅಂತ ಬರೆದೆ. ಮೇಲಧಿಕಾರಿ ಆ ಪದಕ್ಕೆ ಕೆಂಪು ಗೆರೆ ಎಳೆದರು. ‘ಗಿಫ್ಟ್ ಅನ್ನೋದು ನಾಮಪದ. ಅದನ್ನು ಕ್ರಿಯಾಪದ ಮಾಡೋದು ನಮ್ಮ ದೇಶದವರ ತಪ್ಪು. ಇಂಗ್ಲಿಷರು ಹಾಗೆ ಬರೆಯುವುದಿಲ್ಲ’ ಅಂತ ಪಕ್ಕದಲ್ಲಿ ಟಿಪ್ಪಣಿ.

ನನಗೆ ಇದು ಒಪ್ಪಿಗೆಯಾಗಲಿಲ್ಲ. ಫೋನ್ ಎರಡೂ ಆಗುತ್ತದೆ. ಮೇಲ್ ಎರಡೂ ಆಗುತ್ತದೆ. ‘ವಾಟರ್’ ಅಂದರೆ ನೀರು, ‘ವಾಟರ್ ದ ಪ್ಲಾಂಟ್ಸ್’ ಅಂದರೆ ಗಿಡಕ್ಕೆ ನೀರು ಹಾಕು. ಗಿಫ್ಟ್‌ಗೆ ಮಾತ್ರ ಯಾಕೆ ಬಾಗಿಲು ಮುಚ್ಚಬೇಕು? ಇದನ್ನೆಲ್ಲ ತೀರ್ಮಾನ ಮಾಡುವವರು ಯಾರು?

ಹಾಸನದ ಮೇಷ್ಟ್ರು:
ನನ್ನ ಮತ ನಿಮ್ಮ ಅಧಿಕಾರಿಗೆ. ‘ಗಿವ್’ ಅಂತ ಚಿಕ್ಕ, ಚೊಕ್ಕ ಕ್ರಿಯಾಪದ ಇದೆ. ‘ವಿ ಗೇವ್ ಹಿಮ್ ಎ ವಾಚ್’ ಅಂದರೆ ಮುಗಿಯಿತು. ಮಕ್ಕಳಿಗೂ ನಾನು ಇದನ್ನೇ ಹೇಳಿಕೊಡುತ್ತೇನೆ. ‘ಗಿಫ್ಟೆಡ್’ ಅಂದ ತಕ್ಷಣ ನನ್ನ ಕಿವಿಗೆ ಹಬ್ಬದ ಸೀಸನ್ನಿನ ಜಾಹೀರಾತು ಕೇಳಿಸುತ್ತದೆ.

ಪದಕೋಶ ಪ್ರಿಯೆ:
ಮೇಷ್ಟ್ರೇ, ಕಿವಿಗೆ ಹಿತವಾಗದಿರುವುದು ಬೇರೆ, ತಪ್ಪಾಗಿರುವುದು ಬೇರೆ. ‘ಗಿಫ್ಟ್’ ಕ್ರಿಯಾಪದವಾಗಿ ಇಂಗ್ಲಿಷಿನಲ್ಲಿ ಸುಮಾರು 400 ವರ್ಷದಿಂದ ಇದೆ. ಸ್ಕಾಟ್ಲೆಂಡಿನಲ್ಲಿ ಅದರ ಬಳಕೆ ಜಾಸ್ತಿ ಇತ್ತು. ದೊಡ್ಡ ಡಿಕ್ಷನರಿ ಯಾವುದನ್ನು ತೆಗೆದರೂ ಎರಡೂ ರೂಪ ಸಿಗುತ್ತವೆ. ಹಾಗಾಗಿ ‘ನಮ್ಮ ದೇಶದವರ ತಪ್ಪು’ ಅನ್ನುವ ಮಾತಿಗೆ ಆಧಾರ ಇಲ್ಲ. ನಮ್ಮಲ್ಲಿ ಆ ಬಳಕೆ ಸಲೀಸಾಗಿದೆ, ಬೇರೆ ಕಡೆ ಕೆಲವರು ಮೂಗು ಮುರಿಯುತ್ತಾರೆ. ಅಷ್ಟೇ ವ್ಯತ್ಯಾಸ.

ಸಾಗರದ ಹೊಳೆ:
‘ಗಿಫ್ಟೆಡ್ ಚೈಲ್ಡ್’ ಅಂತ ಎಲ್ಲರೂ ಹೇಳುತ್ತಾರಲ್ಲ! ಗಿಫ್ಟ್ ಕ್ರಿಯಾಪದ ಅಲ್ಲದಿದ್ದರೆ ಆ ‘ಎಡ್’ ಎಲ್ಲಿಂದ ಬಂತು?

ಹಾಸನದ ಮೇಷ್ಟ್ರು:
@ಸಾಗರದ ಹೊಳೆ, ಅದು ಸಾಕ್ಷಿಯಾಗಿ ನಿಲ್ಲುವುದಿಲ್ಲ. ‘ಟ್ಯಾಲೆಂಟೆಡ್’ ಇದೆ, ‘ಬಿಯರ್ಡೆಡ್’ ಇದೆ. ಟ್ಯಾಲೆಂಟ್ ಅನ್ನುವ ಕ್ರಿಯಾಪದವನ್ನು ಯಾರಾದರೂ ಬಳಸುತ್ತಾರಾ? ಇಂಗ್ಲಿಷಿನಲ್ಲಿ ನಾಮಪದಕ್ಕೇ ನೇರವಾಗಿ ‘ಎಡ್’ ಹಚ್ಚಿ ‘ಅದನ್ನು ಉಳ್ಳವನು’ ಅನ್ನುವ ಅರ್ಥ ತರಬಹುದು.

ಸಾಗರದ ಹೊಳೆ:
ಇದು ಗೊತ್ತಿರಲಿಲ್ಲ. ಒಳ್ಳೆಯ ಪಾಯಿಂಟು.

ಗಾಂಧಿಬಜಾರ್ ವಕೀಲ:
ಕಾನೂನಿನ ಕಡೆಯಿಂದ ಒಂದು ಮಾತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 122ನೇ ಸೆಕ್ಷನ್ ಗಿಫ್ಟ್ ಅಂದರೇನು ಅಂತ ಹೇಳುತ್ತದೆ. ಇರುವ ಆಸ್ತಿಯನ್ನು ಸ್ವಂತ ಇಷ್ಟದಿಂದ, ಯಾವ ಪ್ರತಿಫಲವೂ ಇಲ್ಲದೆ ಕೊಡಬೇಕು, ಪಡೆಯುವವರು ಒಪ್ಪಿಕೊಳ್ಳಬೇಕು. ಅಲ್ಲಿ ಗಿಫ್ಟ್ ನಾಮಪದವೇ. ಆದರೆ ದಾನಪತ್ರ ಬರೆಸಲು ಬರುವವರು ‘ಸೈಟನ್ನು ಮಗಳಿಗೆ ಗಿಫ್ಟ್ ಮಾಡಬೇಕು’ ಅಂತಲೇ ಬಾಯಿ ತೆರೆಯುವುದು.

ಇದರಲ್ಲಿ ಒಂದು ಅನುಕೂಲ ಇದೆ. ‘ಐ ಗೇವ್ ಹಿಮ್ ಮೈ ಕಾರ್’ ಅಂದರೆ ಎರಡು ದಿನ ಓಡಿಸಲಿಕ್ಕೆ ಕೊಟ್ಟರಾ, ಪೂರ್ತಿ ಕೊಟ್ಟುಬಿಟ್ಟರಾ? ‘ಗಿಫ್ಟೆಡ್’ ಅಂದರೆ ಆ ಅನುಮಾನ ಇಲ್ಲ, ವಾಪಸ್ ಕೇಳುವ ಹಾಗಿಲ್ಲ. ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ರೂಪಾಯಿ ದಾಟಿ ಉಡುಗೊರೆ ಬಂದರೆ ಅದಕ್ಕೆ ಆದಾಯ ತೆರಿಗೆ ಇದೆ. ಮದುವೆಯಲ್ಲಿ ಬಂದದ್ದಕ್ಕೆ ಇಲ್ಲ. ಹೀಗೆ ಹಣದ ಲೆಕ್ಕ ಬಂದಾಗ ‘ಸುಮ್ನೆ ಕೊಟ್ಟೆ’ ಅನ್ನುವುದಕ್ಕೂ ‘ಗಿಫ್ಟ್ ಮಾಡಿದೆ’ ಅನ್ನುವುದಕ್ಕೂ ತುಂಬಾ ದೂರ ಇದೆ.

ಹಾಸನದ ಮೇಷ್ಟ್ರು:
ವಕೀಲರ ಉದಾಹರಣೆ ಗಟ್ಟಿಯಾಗಿದೆ, ಒಪ್ಪುತ್ತೇನೆ. ಆದರೆ ವಾಚಿನ ವಿಷಯದಲ್ಲಿ ಆ ಗೊಂದಲ ಎಲ್ಲಿದೆ? ರಿಟೈರ್ ಆಗುವವರಿಗೆ ಯಾರೂ ವಾಚ್ ಸಾಲ ಕೊಡುವುದಿಲ್ಲ. ಬೇಕಾದಲ್ಲಿ ಬಳಸಿ, ಬೇಡದಲ್ಲಿ ಬಿಡಿ.

ಮ್ಯೂನಿಕ್ ಕನ್ನಡತಿ:
ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಆದರೂ ಹೇಳುತ್ತೇನೆ. ಜರ್ಮನಿಯಲ್ಲಿ ‘ಗಿಫ್ಟ್’ ಅಂದರೆ ವಿಷ! ಇಲಿ ಪಾಷಾಣದ ಡಬ್ಬಿಯ ಮೇಲೆ ಅದೇ ಪದ ಇರುತ್ತದೆ. ಮೂಲ ಒಂದೇ, ‘ಕೊಡುವುದು’ ಅಂತ. ವರದಕ್ಷಿಣೆಗೆ ಇಲ್ಲಿ ಹಳೆಯ ಪದ ‘ಮಿಟ್‌ಗಿಫ್ಟ್’. ಅದರಲ್ಲಿ ಕೊಡುವ ಅರ್ಥ ಹಾಗೇ ಉಳಿದಿದೆ.

ಬೆಳಗಾವಿ ಬಿಸಿಲು:
ಸ್ವೀಡಿಷ್ ಭಾಷೆಯಲ್ಲಿ ಗಿಫ್ಟ್ ಅಂದರೆ ವಿಷವೂ ಹೌದು, ಮದುವೆಯಾದವರು ಅಂತಲೂ ಹೌದು. ಅಲ್ಲಿ ಕೆಲಸ ಮಾಡುವ ನಮ್ಮ ಅಣ್ಣ ಹೇಳಿದ್ದರು ರೀ.

ಮ್ಯೂನಿಕ್ ಕನ್ನಡತಿ:
ಡೇನಿಷ್‌ನಲ್ಲೂ ಹಾಗೇ.

ತುಂಗಾತೀರ:
ವಿಷದಿಂದ ವಾಪಸ್ ಬನ್ನಿ ಎಲ್ಲರೂ. ನನ್ನ ಎರಡನೇ ಪ್ರಶ್ನೆಗೆ ಉತ್ತರ ಬಂದಿಲ್ಲ. ಇಂಗ್ಲಿಷಿನಲ್ಲಿ ಒಂದೇ ಪದ ಎರಡೂ ಕೆಲಸ ಮಾಡುವುದು ಇಷ್ಟು ಸುಲಭ ಯಾಕೆ? ಕನ್ನಡದಲ್ಲಿ ‘ಗಿಡಗಳನ್ನು ನೀರಿದೆ’ ಅಂತ ಹೇಳಲಿಕ್ಕೆ ಆಗುವುದಿಲ್ಲ.

ಪದಕೋಶ ಪ್ರಿಯೆ:
ಕಾರಣ ಹಳೆಯದು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲೂ ಪದಗಳಿಗೆ ಬಾಲ ಇತ್ತು. ಪ್ರೀತಿಗೆ ‘ಲುಫು’, ಪ್ರೀತಿಸುವುದಕ್ಕೆ ‘ಲುಫಿಯನ್’. ಬಾಲ ನೋಡಿದರೆ ಯಾವುದು ನಾಮಪದ, ಯಾವುದು ಕ್ರಿಯಾಪದ ಅಂತ ತಿಳಿಯುತ್ತಿತ್ತು. ಮುಂದಿನ ಕೆಲವು ಶತಮಾನಗಳಲ್ಲಿ ಆ ಬಾಲಗಳು ಸವೆದು ಹೋದವು. ಎರಡೂ ‘ಲವ್’ ಆಗಿ ನಿಂತವು. ‘ಸ್ಲೀಪ್’ ಕೂಡ ಹಾಗೇ, ‘ವಾಟರ್’ ಕೂಡ ಹಾಗೇ.

ಬಾಲ ಹೋದ ಮೇಲೆ ಪದ ವಾಕ್ಯದಲ್ಲಿ ಎಲ್ಲಿ ಕೂತಿದೆ ಅನ್ನುವುದೇ ಗುರುತಾಯಿತು. ‘ದ’ ಅಥವಾ ‘ಎ’ ಆದಮೇಲೆ ಕೂತರೆ ನಾಮಪದ. ‘ಟು’, ‘ವಿಲ್’ ಆದಮೇಲೆ ಕೂತರೆ ಕ್ರಿಯಾಪದ. ಒಮ್ಮೆ ಈ ವ್ಯವಸ್ಥೆ ಕೂತುಬಿಟ್ಟರೆ ಹೊಸ ಪದಗಳನ್ನು ತಡೆಯುವವರು ಯಾರು? ತೀರ್ಮಾನ ಮಾಡುವವರು ಯಾರು ಅಂತ ಕೇಳಿದಿರಿ. ಫ್ರೆಂಚಿಗೆ ಒಂದು ಅಕಾಡೆಮಿ ಇದೆ, ಇಂಗ್ಲಿಷಿಗೆ ಅಂಥದ್ದಿಲ್ಲ. ಡಿಕ್ಷನರಿಯವರು ಜನ ಏನು ಬರೆಯುತ್ತಾರೆ ಅಂತ ನೋಡಿ ದಾಖಲಿಸುತ್ತಾರೆ.

ಹಳೆ ಪುಸ್ತಕದಂಗಡಿ:
ಗೊಣಗುವವರು ಎಲ್ಲ ಕಾಲದಲ್ಲೂ ಇದ್ದರು. ಬೆಂಜಮಿನ್ ಫ್ರಾಂಕ್ಲಿನ್ 1789ರ ಡಿಸೆಂಬರಿನಲ್ಲಿ ಡಿಕ್ಷನರಿಯ ನೋಹ ವೆಬ್‌ಸ್ಟರ್‌ಗೆ ಪತ್ರ ಬರೆದು ಇದನ್ನೇ ದೂರಿದ. ‘ನೋಟಿಸ್’, ‘ಅಡ್ವೊಕೇಟ್’, ‘ಪ್ರೋಗ್ರೆಸ್’ ಪದಗಳನ್ನು ಜನ ಕ್ರಿಯಾಪದ ಮಾಡಿಬಿಟ್ಟಿದ್ದಾರೆ, ನೀವಾದರೂ ತಡೆಯಿರಿ ಅನ್ನುವುದು ಅವನ ಕೋರಿಕೆ. ಇವತ್ತು ‘ಐ ನೋಟಿಸ್ಡ್’ ಅಂದರೆ ಯಾವ ಅಧಿಕಾರಿಯೂ ಕೆಂಪು ಗೆರೆ ಎಳೆಯುವುದಿಲ್ಲ.

ಹಾಸನದ ಮೇಷ್ಟ್ರು:
ಫ್ರಾಂಕ್ಲಿನ್ ಸೋತ ಅಂತ ಎಲ್ಲ ಹೊಸ ಬಳಕೆಯನ್ನೂ ಕಣ್ಣುಮುಚ್ಚಿ ಒಪ್ಪಬೇಕಾ? ಈಗಿನ ಆಫೀಸ್ ಇಂಗ್ಲಿಷ್ ನೋಡಿ. ‘ಲೆಟ್ಸ್ ಆಕ್ಷನ್ ದಿಸ್’, ‘ಕ್ಯಾನ್ ಯು ಸಲ್ಯೂಷನ್ ಇಟ್’. ‘ಡೂ’ ಇದೆ, ‘ಸಾಲ್ವ್’ ಇದೆ. ಆ ಸರಳ ಪದಗಳನ್ನು ಬಿಟ್ಟು ಭಾರದ ನಾಮಪದವನ್ನು ಎಳೆದು ತರುವುದರಿಂದ ಓದುವವನಿಗೆ ಏನು ಲಾಭ?

ಪದಕೋಶ ಪ್ರಿಯೆ:
‘ಸಲ್ಯೂಷನ್’ ವಿಷಯದಲ್ಲಿ ನಾನು ನಿಮ್ಮ ಜೊತೆ. ಅದರಿಂದ ಹೊಸ ಅರ್ಥ ಏನೂ ಬರುವುದಿಲ್ಲ. ‘ಗಿಫ್ಟ್’ ವಿಷಯದಲ್ಲಿ ವಕೀಲರ ಜೊತೆ.

ಒಂದನೇ ಕ್ಲಾಸ್ ಟೀಚರ್:
ನಿಮ್ಮ ಚರ್ಚೆ ಓದುತ್ತಾ ನನ್ನ ತರಗತಿಯ ಒಂದು ತೊಂದರೆ ನೆನಪಾಯಿತು. ‘ಡಸ್ಟ್ ದ ಟೇಬಲ್’ ಅಂದರೆ ಧೂಳು ತೆಗೆಯುವುದು. ‘ಡಸ್ಟ್ ದ ಕೇಕ್ ವಿತ್ ಶುಗರ್’ ಅಂದರೆ ಸಕ್ಕರೆ ಉದುರಿಸುವುದು. ಒಂದರಲ್ಲಿ ತೆಗೆಯಬೇಕು, ಇನ್ನೊಂದರಲ್ಲಿ ಹಾಕಬೇಕು! ‘ಸ್ಕಿನ್’, ‘ಪೀಲ್’ ಅಂದರೆ ತೆಗೆಯುವುದು. ‘ಆಯಿಲ್’, ‘ಸಾಲ್ಟ್’ ಅಂದರೆ ಹಾಕುವುದು. ‘ಸೀಡ್’ ಅಂದರೆ ಬಿತ್ತುವುದೂ ಹೌದು, ಹಣ್ಣಿನಿಂದ ಬೀಜ ತೆಗೆಯುವುದೂ ಹೌದು. ಮಕ್ಕಳು ‘ಮಿಸ್, ಹೇಗೆ ಗೊತ್ತಾಗುತ್ತೆ’ ಅಂತ ಕೇಳಿದರೆ ಏನು ಹೇಳಲಿ? ಮೇಜು ಯಾವುದು, ಕೇಕು ಯಾವುದು ಅಂತ ನೋಡಿ ಅರ್ಥ ಮಾಡಿಕೊಳ್ಳಿ ಅನ್ನುತ್ತೇನೆ.

ಕನ್ನಡ ಇಲ್ಲಿ ಎಷ್ಟು ಖಚಿತ ನೋಡಿ. ಧೂಳು ಒರೆಸು, ಸಕ್ಕರೆ ಉದುರಿಸು, ಸಿಪ್ಪೆ ಸುಲಿ, ಎಣ್ಣೆ ಹಚ್ಚು, ಬೀಜ ಬಿತ್ತು, ಬೀಜ ತೆಗೆ. ಕೈ ಏನು ಮಾಡಬೇಕು ಅಂತ ನಮ್ಮ ಕ್ರಿಯಾಪದ ಬಾಯಿಬಿಟ್ಟು ಹೇಳುತ್ತದೆ. ನನಗೆ ಇದು ತುಂಬಾ ಇಷ್ಟ.

ಸಾಗರದ ಹೊಳೆ:
ಇಂಗ್ಲಿಷ್ ಪದ ತಗೊಂಡಾಗಲೂ ನಾವು ಅದನ್ನೇ ಮಾಡುತ್ತೇವೆ. ಫೋನ್ ಮಾಡು, ಬ್ರೇಕ್ ಹಾಕು, ಹಾರನ್ ಹೊಡಿ, ಸೆಲ್ಫಿ ತೆಗಿ, ರೆಸ್ಟ್ ತಗೋ, ಫೇಲ್ ಆಗು. ಯಾವ ಪದಕ್ಕೆ ಯಾವುದು ಅಂತ ಯಾರೂ ಹೇಳಿಕೊಟ್ಟಿಲ್ಲ. ಆದರೂ ‘ಬ್ರೇಕ್ ತೆಗಿ’ ಅಂದರೆ ಎಲ್ಲರಿಗೂ ಕಸಿವಿಸಿ.

ಬೆಳಗಾವಿ ಬಿಸಿಲು:
‘ಲವ್ ಮಾಡು’ ಬೇರೆ, ‘ಲವ್ ಆಗು’ ಬೇರೆ. ಮೊದಲನೆಯದರಲ್ಲಿ ಜವಾಬ್ದಾರಿ ಅವರ ಮೇಲೆ ಇರುತ್ತದೆ.

ಕಾಲ್ ಸೆಂಟರ್ ಹಳಬ:
ನಮಗೆ ಟ್ರೇನಿಂಗಿನಲ್ಲಿ ಜಾಸ್ತಿ ಬೆವರಿಳಿಸಿದ್ದು ಇದೇ ವಿಷಯ. ‘ರೆಕಾರ್ಡ್’ ನಾಮಪದವಾದರೆ ದನಿಯ ಒತ್ತು ಮೊದಲ ಭಾಗಕ್ಕೆ. ಕ್ರಿಯಾಪದವಾದರೆ ಎರಡನೇ ಭಾಗಕ್ಕೆ. ‘ಪ್ರೆಸೆಂಟ್’, ‘ಪರ್ಮಿಟ್’, ‘ಆಬ್ಜೆಕ್ಟ್’, ‘ಇನ್‌ಕ್ರೀಸ್’ ಎಲ್ಲ ಹಾಗೇ. ಕನ್ನಡದಲ್ಲಿ ದನಿಯ ಒತ್ತು ಎಲ್ಲಿ ಬಿದ್ದರೂ ಪದದ ಅರ್ಥ ಬದಲಾಗುವುದಿಲ್ಲ. ಅದಕ್ಕೇ ನಮ್ಮ ಬಾಯಲ್ಲಿ ಎರಡೂ ಒಂದೇ ಥರ ಬರುತ್ತವೆ. ಫೋನಿನ ಆಚೆ ಇರುವವರಿಗೆ ಮೊದಲ ಸಲ ಅರ್ಥವೇ ಆಗುತ್ತಿರಲಿಲ್ಲ.

ಪದಕೋಶ ಪ್ರಿಯೆ:
ಇದಕ್ಕೊಂದು ಚರಿತ್ರೆ ಇದೆ. ಹಳೆಯ ಡಿಕ್ಷನರಿಗಳನ್ನು ಹೋಲಿಸಿ ನೋಡಿದವರ ಪ್ರಕಾರ, 1570ರ ಸುಮಾರಿಗೆ ಹೀಗೆ ದನಿ ಬದಲಾಗುವ ಜೋಡಿಗಳು ಮೂರೇ ಇದ್ದವು: ಔಟ್‌ಲಾ, ರೆಬೆಲ್, ರೆಕಾರ್ಡ್. 1660ರ ಹೊತ್ತಿಗೆ 24 ಆದವು. 1934ರ ಹೊತ್ತಿಗೆ 150. ‘ಅಡ್ರೆಸ್’ ಇನ್ನೂ ತೂಗಾಡುತ್ತಿದೆ. ಅಮೆರಿಕದಲ್ಲಿ ಹಲವರು ವಿಳಾಸಕ್ಕೆ ಮೊದಲ ಭಾಗ ಒತ್ತುತ್ತಾರೆ, ಬ್ರಿಟನ್ನಿನಲ್ಲಿ ಎರಡೂ ಅರ್ಥಕ್ಕೆ ಕೊನೆಯ ಭಾಗವೇ.

ಕಾಲ್ ಸೆಂಟರ್ ಹಳಬ:
ಅಬ್ಬಾ, ಬರೀ ಮೂರಿತ್ತಾ!

ಗಾಂಧಿಬಜಾರ್ ವಕೀಲ:
‘ಪ್ಲೀಸ್ ಅಡ್ವೈಸ್’ ಅಂತ ಮೇಲ್ ಬರೆಯುವವರಿಗೆ ಯಾರಾದರೂ ತಿಳಿಸಿ ಪುಣ್ಯ ಕಟ್ಟಿಕೊಳ್ಳಿ. ನಾಮಪದಕ್ಕೆ ಇಂಗ್ಲಿಷಿನ ‘ಸಿ’ ಅಕ್ಷರ, ಕ್ರಿಯಾಪದಕ್ಕೆ ‘ಎಸ್’. ದಿನಾ ನೋಡುತ್ತೇನೆ, ಹತ್ತಕ್ಕೆ ಆರು ಮೇಲಿನಲ್ಲಿ ‘ಸಿ’ ಹಾಕಿ ಕಳಿಸುತ್ತಾರೆ.

ಒಂದನೇ ಕ್ಲಾಸ್ ಟೀಚರ್:
ಅದು ಬರೀ ಅಕ್ಷರದ ವಿಷಯ ಅಲ್ಲ ಸರ್, ಉಚ್ಚಾರಣೆಯೂ ಬೇರೆ. ಕ್ರಿಯಾಪದದ ಕೊನೆಗೆ ಜೇನುನೊಣ ಗುಂಯ್‌ಗುಡುವ ‘ಝಡ್’ ದನಿ ಬರಬೇಕು. ಆ ದನಿ ಕನ್ನಡದಲ್ಲಿ ಮೂಲದಿಂದ ಇಲ್ಲ. ಕಿವಿಗೆ ಎರಡೂ ‘ಅಡ್ವೈಸ್’ ಅಂತಲೇ ಕೇಳಿದರೆ ಬರೆಯುವಾಗ ಎಡವುವುದು ಸಹಜ. ‘ಯೂಸ್’ ಕೂಡ ಹಾಗೇ, ಆದರೆ ಅದಕ್ಕೆ ಸ್ಪೆಲಿಂಗ್ ಒಂದೇ ಇರುವುದರಿಂದ ಯಾರ ಗುಟ್ಟೂ ರಟ್ಟಾಗುವುದಿಲ್ಲ.

ಹಳೆ ಪುಸ್ತಕದಂಗಡಿ:
‘ಲೈಸೆನ್ಸ್’, ‘ಪ್ರಾಕ್ಟಿಸ್’ ಇನ್ನೂ ತಲೆನೋವು. ಬ್ರಿಟಿಷ್ ಪದ್ಧತಿಯಲ್ಲಿ ನಾಮಪದಕ್ಕೆ ‘ಸಿ’, ಕ್ರಿಯಾಪದಕ್ಕೆ ‘ಎಸ್’. ಅಮೆರಿಕದವರು ಲೈಸೆನ್ಸ್‌ಗೆ ಎರಡೂ ಕಡೆ ‘ಎಸ್’ ಇಡುತ್ತಾರೆ, ಪ್ರಾಕ್ಟಿಸ್‌ಗೆ ಎರಡೂ ಕಡೆ ‘ಸಿ’.

ಸಾಗರದ ಹೊಳೆ:
ಕಂಪನಿಗಳ ಹೆಸರೂ ಕ್ರಿಯಾಪದ ಆಗುತ್ತವೆ. ‘ಗೂಗಲ್’ 2006ರಲ್ಲಿ ಕ್ರಿಯಾಪದವಾಗಿ ಡಿಕ್ಷನರಿ ಸೇರಿತು. ಜೆರಾಕ್ಸ್ ಕಂಪನಿಯಂತೂ ‘ನಮ್ಮ ಹೆಸರನ್ನು ಕ್ರಿಯಾಪದ ಮಾಡಬೇಡಿ’ ಅಂತ ಜಾಹೀರಾತು ಕೊಟ್ಟು ಕೇಳಿಕೊಂಡಿತ್ತು. ಹೆಸರು ಎಲ್ಲರ ಪದವಾದರೆ ಟ್ರೇಡ್‌ಮಾರ್ಕ್ ಕೈತಪ್ಪಬಹುದು ಅನ್ನುವ ಭಯ. ನಮ್ಮ ತಾಲ್ಲೂಕು ಕಚೇರಿಗಳ ಎದುರು ‘ಜೆರಾಕ್ಸ್ ಮಾಡಿಕೊಡಲಾಗುವುದು’ ಬೋರ್ಡ್ ಮಾತ್ರ ತೆಗೆದಿಲ್ಲ.

ತುಂಗಾತೀರ:
ಒಂದು ಸುದ್ದಿ. ಇಲ್ಲಿ ಬಂದ ಉತ್ತರಗಳನ್ನು ಇಟ್ಟುಕೊಂಡು ಅಧಿಕಾರಿಯ ಹತ್ತಿರ ಮಾತಾಡಿದೆ. ಡಿಕ್ಷನರಿ ತೆರೆದು ತೋರಿಸಿದೆ. ‘ತಪ್ಪು’ ಅನ್ನುವ ಟಿಪ್ಪಣಿ ವಾಪಸ್ ತಗೊಂಡರು. ಆದರೂ ‘ಗಿಫ್ಟೆಡ್’ ಬೇಡ ಅಂದರು. ಅಚ್ಚಾದದ್ದು ‘ಪ್ರೆಸೆಂಟೆಡ್’. ಅದೂ ನಾಮಪದ, ಕ್ರಿಯಾಪದ ಎರಡೂ ಆಗುವ ಪದವೇ ಅಲ್ವಾ! ನಾಮಪದವಾದಾಗ ಅದರ ಅರ್ಥವೂ ಉಡುಗೊರೆಯೇ.

ಹಾಸನದ ಮೇಷ್ಟ್ರು:
ಅದು ಒಳ್ಳೆಯ ಪದ. ಸಭೆಯಲ್ಲಿ ಕೊಟ್ಟದ್ದಕ್ಕೆ ಒಪ್ಪುತ್ತದೆ.

ಈಗ ನನ್ನದೊಂದು ಪ್ರಶ್ನೆ. ಕನ್ನಡದಲ್ಲಿ ಹೀಗಾಗುವುದಿಲ್ಲ ಅಂತ ಎಲ್ಲರೂ ಹೇಳುತ್ತಿದ್ದೀರಿ. ಹಾಡು, ಓದು, ನಗು, ಅಳು, ಬದುಕು, ಸೋಲು? ಇವೆಲ್ಲ ಯಾವ ಬಾಲವೂ ಇಲ್ಲದೆ ಎರಡೂ ಆಗುತ್ತವೆ. ‘ಹಾಡು ಹಾಡಿದಳು.’ ‘ಗುಡುಗು ಗುಡುಗಿತು, ಮಿಂಚು ಮಿಂಚಿತು.’

ಪದಕೋಶ ಪ್ರಿಯೆ:
ಸರಿಯಾಗಿ ಹಿಡಿದಿರಿ. ಆದರೆ ಇವುಗಳಲ್ಲಿ ಬಹುಪಾಲು ಕೆಲಸದ ಹೆಸರುಗಳು. ಇಂಗ್ಲಿಷಿನಲ್ಲಿ ಮುಟ್ಟುವ ವಸ್ತುವೇ ಕ್ರಿಯಾಪದವಾಗುತ್ತದೆ. ಹ್ಯಾಮರ್, ಶೋಲ್ಡರ್, ಬುಕ್, ಬಾಟಲ್. ಕನ್ನಡದಲ್ಲಿ ‘ಸುತ್ತಿಗೆ’ಯನ್ನು ಹಾಗೆ ಬಳಸಲಿಕ್ಕೆ ಆಗುವುದಿಲ್ಲ.

ಒಂದನೇ ಕ್ಲಾಸ್ ಟೀಚರ್:
ಬೆವರು? ಉಗುಳು? ಚಿಗುರು? ಇವು ಕಣ್ಣಿಗೆ ಕಾಣುವ ವಸ್ತುಗಳೇ. ‘ಬೆವರಿದ’, ‘ಉಗುಳಿದ’, ‘ಗಿಡ ಚಿಗುರಿತು’. ನನಗೆ ಅನ್ನಿಸುವುದು, ಮೈಯಿಂದಲೋ ಮರದಿಂದಲೋ ಆಕಾಶದಿಂದಲೋ ಹೊರಗೆ ಬರುವಂಥದ್ದಕ್ಕೆ ನಮ್ಮಲ್ಲಿ ಒಂದೇ ಪದ ಎರಡೂ ಆಗುವುದು ಜಾಸ್ತಿ. ಸೀನು, ಕೆಮ್ಮು, ತೇಗು ಕೂಡ ಹಾಗೇ.

ಪದಕೋಶ ಪ್ರಿಯೆ:
ಟೀಚರ್, ಇದನ್ನು ಬಿಡಬೇಡಿ. ಪಟ್ಟಿ ಬೆಳೆಸಿ, ನಾನೂ ಸೇರಿಸುತ್ತೇನೆ. ಇನ್ನೊಂದು ದಾರಿಯೂ ನಮಗಿದೆ: ಸ್ವರ ಉದ್ದ ಮಾಡುವುದು. ಕೆಡು, ಕೇಡು. ಪಡು, ಪಾಡು. ಬಿಡು, ಬೀಡು.

ಹಾಸನದ ಮೇಷ್ಟ್ರು:
ಕೊಡು, ಕೊಡುಗೆ ಕೂಡ ಇದೆ. ಉಡುಗೊರೆಯ ಚರ್ಚೆ ಅಂದಮೇಲೆ ನಮ್ಮ ಜಿಲ್ಲೆಯ ಹಲ್ಮಿಡಿ ಶಾಸನವನ್ನು ಹೇಳದಿದ್ದರೆ ಹೇಗೆ? ಬೇಲೂರು ತಾಲ್ಲೂಕಿನದು, ಸುಮಾರು ಕ್ರಿ.ಶ. 450ರದ್ದು. ವಿಜ ಅರಸ ಅನ್ನುವ ವೀರನಿಗೆ ಹಳ್ಳಿಗಳನ್ನು ದಾನ ಕೊಟ್ಟ ದಾಖಲೆ ಅದು. ಅಲ್ಲಿರುವ ಕ್ರಿಯಾಪದ ‘ಕೊಟ್ಟಾರ್’. ಎರಡು ಊರು ಕೊಟ್ಟವರಿಗೇ ‘ಕೊಟ್ಟಾರ್’ ಸಾಕಾಯಿತು. ಒಂದು ವಾಚಿಗೆ ‘ಗಿಫ್ಟೆಡ್’ ಯಾಕೆ ಬೇಕು ಅಂತ ನಾನು ಈಗಲೂ ಕೇಳುತ್ತೇನೆ.

ತುಂಗಾತೀರ:
ಕೊನೆಗೂ ಪಟ್ಟು ಬಿಡಲಿಲ್ಲ ನೀವು! ಹಳೆಯ ಶಾಸನ ಅಂದರೆ ನಮ್ಮ ಶಿಕಾರಿಪುರದ ಕಡೆಯ ತಾಳಗುಂದದ್ದನ್ನೂ ಸೇರಿಸಿ. ಅಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನ ಕ್ರಿ.ಶ. 370ರದ್ದು, ಹಲ್ಮಿಡಿಗಿಂತ ಹಳೆಯದು ಅನ್ನುತ್ತಾರೆ.

ಹಾಸನದ ಮೇಷ್ಟ್ರು:
ಅದಕ್ಕೆ ಬೇರೆಯೇ ಚರ್ಚೆ ಬೇಕು. ಶುರು ಮಾಡಿ, ಬರುತ್ತೇನೆ.

ಬೆಳಗಾವಿ ಬಿಸಿಲು:
‘ಇಸು’ ಮರೆತಿರಲ್ಲ ರೀ ಎಲ್ಲರೂ! ಪತ್ರಿಕೆಗಳಲ್ಲಿ ‘ಫೋಟೊ ಕ್ಲಿಕ್ಕಿಸಿದರು’ ಅಂತ ಬರುತ್ತದೆ. ‘ಟ್ವೀಟಿಸಿದರು’, ‘ಫೋನಾಯಿಸಿದರು’, ‘ಗೂಗಲಿಸಿ ನೋಡಿ’. ಇಂಗ್ಲಿಷಿನ ನಾಮಪದಕ್ಕೆ ‘ಇಸು’ ಹಚ್ಚಿದರೆ ಕನ್ನಡದ ಕ್ರಿಯಾಪದ ತಯಾರು.

ಕಾಲ್ ಸೆಂಟರ್ ಹಳಬ:
ಓದಲಿಕ್ಕೆ ಚೆಂದ. ಮಾತಾಡುವಾಗ ಯಾರು ಹೇಳುತ್ತಾರೆ? ‘ಅಮ್ಮಾ, ಗೂಗಲಿಸು’ ಅಂತ ನಾನು ಯಾವತ್ತೂ ಹೇಳಿಲ್ಲ. ‘ಗೂಗಲ್ ಮಾಡು’ ಅನ್ನುತ್ತೇನೆ.

ಹಳೆ ಪುಸ್ತಕದಂಗಡಿ:
ಖರೀದಿಸು, ರವಾನಿಸು, ಜಮಾಯಿಸು. ಖರೀದಿ, ರವಾನೆ, ಜಮಾ ಎಲ್ಲ ಪಾರಸಿ, ಅರಬ್ಬಿ ಕಡೆಯಿಂದ ಬಂದವು. ‘ಇಸು’ ಹಚ್ಚಿ ಕನ್ನಡದ್ದೇ ಮಾಡಿಕೊಂಡೆವು. ಈಗ ಯಾರಿಗೂ ಅವು ಪರಕೀಯ ಅನ್ನಿಸುವುದಿಲ್ಲ. ಯೋಚಿಸು, ಪ್ರೀತಿಸು ಸಂಸ್ಕೃತದಿಂದ ಬಂದವು. ಇಂಗ್ಲಿಷಿನ ಪದಗಳಿಗೂ ಅದೇ ದಾರಿ ಇದೆ. ಬರವಣಿಗೆಯಲ್ಲಿ ಮೊದಲು ಬರಲಿ, ಬಾಯಿಗೆ ಆಮೇಲೆ ಬರುತ್ತದೆ.

ಸಾಗರದ ಹೊಳೆ:
‘ಇಸು’ಗೆ ಇನ್ನೊಂದು ಕೆಲಸವೂ ಇದೆಯಲ್ಲ, ಬೇರೆಯವರಿಂದ ಮಾಡಿಸುವುದು. ‘ಟೈಪಿಸಿದೆ’ ಅಂದರೆ ನಾನೇ ಮಾಡಿದೆನಾ, ಯಾರ ಕೈಯಲ್ಲೋ ಮಾಡಿಸಿದೆನಾ?

ಬೆಳಗಾವಿ ಬಿಸಿಲು:
ನಾನೇ ಮಾಡಿದೆ ಅಂತಲೇ ಅರ್ಥ. ಬೇರೆಯವರಾದರೆ ‘ಟೈಪ್ ಮಾಡಿಸಿದೆ’.

ಸಾಗರದ ಹೊಳೆ:
ಹಾಗಾದ್ರೆ ‘ಗಿಫ್ಟಿಸಿದೆ’ ಅಂತ ಯಾರೂ ಯಾಕೆ ಹೇಳುವುದಿಲ್ಲ?

ಬೆಳಗಾವಿ ಬಿಸಿಲು:
ಕೊಡು ಅನ್ನುವ ಪದ ಕನ್ನಡದಲ್ಲಿ ಅಷ್ಟು ಗಟ್ಟಿಯಾಗಿ ಕೂತಿದೆ. ಗಿಫ್ಟ್ ಕೊಟ್ಟೆ, ಮುತ್ತು ಕೊಟ್ಟೆ, ಮಾತು ಕೊಟ್ಟೆ, ಕೈ ಕೊಟ್ಟೆ. ಅದು ಇರುವ ಕಡೆ ‘ಇಸು’ಗೆ ಜಾಗವೇ ಸಿಗುವುದಿಲ್ಲ. ‘ಕ್ಲಿಕ್’ಗೆ ಅಂಥ ಜೊತೆಗಾರ ಇರಲಿಲ್ಲ, ಅದಕ್ಕೇ ‘ಕ್ಲಿಕ್ಕಿಸು’ ನಿಂತಿತು ಅಂತ ನನ್ನ ಊಹೆ.

ಪದಕೋಶ ಪ್ರಿಯೆ:
ಫೋನಿಗೆ ‘ಮಾಡು’ ಜೊತೆಗಿದ್ದರೂ ‘ಫೋನಾಯಿಸು’ ಹುಟ್ಟಿತಲ್ಲ? ನಿಮ್ಮ ಊಹೆಗೆ ಅದು ಅಡ್ಡ ಬರುತ್ತದೆ.

ಬೆಳಗಾವಿ ಬಿಸಿಲು:
‘ಮಾಡು’ ಎಲ್ಲದಕ್ಕೂ ಹೊಂದುತ್ತದೆ, ಅದಕ್ಕೇ ಸಡಿಲ. ‘ಕೊಡು’ ಹಾಗಲ್ಲ. ಸಾಲ, ಲಂಚ, ಪಾರ್ಟಿ ಹಿಡಿದು ನೋಡಿ. ಮೂರಕ್ಕೂ ‘ಕೊಡು’ ಬರುತ್ತದೆ, ಮೂರಕ್ಕೂ ‘ಇಸು’ ಹಚ್ಚಲಿಕ್ಕೆ ಆಗುವುದಿಲ್ಲ. ‘ಕೊಡು’ ಜೊತೆಗಿದ್ದೂ ‘ಇಸು’ ಹಚ್ಚಿಕೊಂಡ ಇಂಗ್ಲಿಷ್ ಪದ ಒಂದೇ ಒಂದು ಸಿಕ್ಕರೂ ಇಲ್ಲಿ ಹಾಕಿ, ನಾನು ಒಪ್ಪುತ್ತೇನೆ.